ಡಾಕ್ಟರ ಚೀಟಿ ಇಲ್ಲದೆ ನೇರವಾಗಿ ಸಿಗುವ ಆರೋಗ್ಯ ಸೇವೆಗಳು (ಕರ್ನಾಟಕ): ತಿಳಿದವರು ಸೇರಿಸುತ್ತಾ ಹೋಗಿ

ಬಯಲುಸೀಮೆ:

ಕಫ ಪರೀಕ್ಷೆಗೆ ಡಾಕ್ಟರ್ ಬರೆದುಕೊಡಬೇಕಾ, ಅಂಗವಿಕಲರ ಕಾರ್ಡಿಗೆ ಮೊದಲು ಯಾರನ್ನು ನೋಡಬೇಕು, ಕೌನ್ಸೆಲಿಂಗಿಗೆ ರೆಫರಲ್ ಬೇಕಾ? ಈ ಥರದ ಪ್ರಶ್ನೆಗಳಿಗೆ ಉತ್ತರ ಅಲ್ಲೊಂದು ಇಲ್ಲೊಂದು ಚದುರಿಹೋಗಿದೆ. ಒಂದೇ ಕಡೆ ಸಿಗಲಿ ಅಂತ ಈ ಎಳೆ. ಬರೆಯುವವರು ಮೂರು ವಿಷಯ ಬಿಡಬೇಡಿ: ಯಾವ ಕಿಟಕಿಗೆ ಹೋಗಬೇಕು, ಏನು ಹಿಡಿದುಕೊಂಡು ಹೋಗಬೇಕು, ಕೆಲಸ ಎಲ್ಲಿ ಕೆಡುತ್ತದೆ. ಮನೆಯವರಿಗೆ ಹೀಗಾಯಿತು ಹಾಗಾಯಿತು ಅನ್ನುವ ಅನುಭವಗಳಿಗೆ ಬೇರೆ ಎಳೆ ಇದೆ.

ಅರ್ಧ ಗೊಂದಲ ಹುಟ್ಟುವುದೇ ಎರಡು ಬೇರೆ ಕಾಗದಗಳನ್ನು ಒಂದೇ ಅಂದುಕೊಳ್ಳುವುದರಿಂದ. ಓಪಿಡಿ ಚೀಟಿ ಅಂದರೆ ನೋಂದಣಿ. ಕೌಂಟರಿನಲ್ಲಿ ಹೆಸರು, ವಯಸ್ಸು, ಊರು ಹೇಳಿದರೆ ಯಾರಿಗೂ ಕೊಡುತ್ತಾರೆ. ರೆಫರಲ್ ಅಂದರೆ ಒಬ್ಬ ಡಾಕ್ಟರು ರೋಗಿಯನ್ನು ನೋಡಿ ಇನ್ನೊಂದು ವಿಭಾಗಕ್ಕೋ ಆಸ್ಪತ್ರೆಗೋ ಕಳಿಸುವ ಪತ್ರ. "ಚೀಟಿ ತಗೊಂಡು ಬನ್ನಿ" ಎಂದು ವಾಪಸ್ ಕಳಿಸಿದಾಗ ಕೇಳುತ್ತಿರುವುದು ಹೆಚ್ಚಾಗಿ ಮೊದಲನೆಯದನ್ನು. ಜನ ಎರಡನೆಯದು ಅಂದುಕೊಂಡು ಖಾಸಗಿ ಕ್ಲಿನಿಕ್ಕಿಗೆ ದುಡ್ಡು ಕೊಟ್ಟು ಬರೆಸಿಕೊಂಡು ಬರುತ್ತಾರೆ. "ಓಪಿಡಿ ಚೀಟಿನಾ, ರೆಫರಲ್ಲಾ?" ಅಂತ ಅಲ್ಲೇ ಕೇಳಿಬಿಡಿ.

ಶುರುವಿಗೆ ಹತ್ತಿರದ್ದೇ ಬರೆಯುತ್ತೇನೆ. ಉಪಕೇಂದ್ರ, ಈಗ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಇರುತ್ತದೆ. ಅಲ್ಲಿ ಕೂರುವವರು ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. 30 ದಾಟಿದ ಯಾರೇ ಹೋದರೂ ಬಿಪಿ, ಶುಗರ್ ನೋಡಬೇಕು, ಬಾಯಿಯ ಕ್ಯಾನ್ಸರ್ ಲಕ್ಷಣ ಇದೆಯಾ ಅಂತ ಪರೀಕ್ಷಿಸಬೇಕು. ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯೂ ಇದರಲ್ಲೇ ಬರುತ್ತದೆ. ಬಿಪಿ, ಶುಗರ್ ವರ್ಷಕ್ಕೊಮ್ಮೆ, ಕ್ಯಾನ್ಸರ್ ತಪಾಸಣೆ 5 ವರ್ಷಕ್ಕೊಮ್ಮೆ. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರು ಈಗಾಗಲೇ ಬಿಪಿ ಅಥವಾ ಶುಗರ್ ಮಾತ್ರೆ ಶುರುಮಾಡಿದ್ದರೆ ತಿಂಗಳ ಮಾತ್ರೆಯನ್ನು ಸಿಎಚ್‌ಒ ಹತ್ತಿರವೇ ಪಡೆಯಬಹುದು. ಹಳೆಯ ಚೀಟಿ ಅಥವಾ ಖಾಲಿ ಸ್ಟ್ರಿಪ್ ಕೈಯಲ್ಲಿರಲಿ.

ಇಲ್ಲಿ ಕೆಡುವುದು ಬಿಪಿ ಅಳತೆ. ನಡೆದುಕೊಂಡು ಬಂದವರನ್ನು ಹಾಗೇ ಕೂರಿಸಿ, ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿ ನೋಡಿದರೆ ನಂಬಬೇಡಿ. 5 ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಅದಕ್ಕೂ ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ, ತಂಬಾಕು ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇಲ್ಲದವರಿಗೂ ಇದೆ ಅಂತ ತೋರಿಸುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚು ಬಂದರೆ ಪಿಎಚ್‌ಸಿ ಡಾಕ್ಟರ ಹತ್ತಿರ. 180/110 ದಾಟಿದ್ದರೆ ಅವತ್ತೇ ಹೋಗಬೇಕು.

ಲ್ಯಾಬ್_ಕಿಟಕಿ:

ಕಫ ಪರೀಕ್ಷೆ ಬಗ್ಗೆ ಬರೆಯುತ್ತೇನೆ. ಜನ ಸುಮ್ಮನೆ ಅಲೆದಾಡುವುದು ಇದಕ್ಕೇ ಜಾಸ್ತಿ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ, ಕಫದಲ್ಲಿ ರಕ್ತ. ಇದರಲ್ಲಿ ಯಾವುದಿದ್ದರೂ ನೇರವಾಗಿ ಪಿಎಚ್‌ಸಿ ಅಥವಾ ತಾಲೂಕು ಆಸ್ಪತ್ರೆಯ ಲ್ಯಾಬಿಗೆ ಹೋಗಿ "ಟಿಬಿ ಕಫ ಪರೀಕ್ಷೆ ಮಾಡಿಸಬೇಕು" ಅನ್ನಿ. ಪೂರ್ತಿ ಉಚಿತ. ಆಶಾ ಕಾರ್ಯಕರ್ತೆಗೆ ಹೇಳಿದರೆ ಡಬ್ಬಿ ಮನೆಗೇ ತಂದುಕೊಡುತ್ತಾರೆ.

ಎರಡು ಮಾದರಿ ಕೊಡಬೇಕು: ಒಂದು ಹೋದ ಕೂಡಲೇ ಅಲ್ಲೇ, ಇನ್ನೊಂದು ಬೆಳಗ್ಗೆ ಎದ್ದ ತಕ್ಷಣದ್ದು. ಬೆಳಗಿನದೇ ಮುಖ್ಯ, ರಾತ್ರಿಯಿಡೀ ಶ್ವಾಸಕೋಶದಲ್ಲಿ ಕಟ್ಟಿಕೊಂಡದ್ದು ಆಗ ಬರುತ್ತದೆ. ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಬಯಲಲ್ಲಿ, ಯಾರೂ ಎದುರಿಗೆ ಇಲ್ಲದ ಕಡೆ ನಿಂತು ಎರಡು ಮೂರು ಸಲ ಆಳವಾಗಿ ಉಸಿರೆಳೆದುಕೊಂಡು, ಎದೆಯ ಒಳಗಿಂದ ಕೆಮ್ಮಿ ಡಬ್ಬಿಗೆ ಉಗುಳಿ. 2ರಿಂದ 5 ಮಿಲಿ ಬೇಕು, ಅಂದರೆ ಡಬ್ಬಿಯ ತಳ ಮುಚ್ಚುವಷ್ಟು. ಗಟ್ಟಿಯಾಗಿ, ಹಳದಿಯಾಗಿ ಅಂಟಂಟಾಗಿದ್ದರೆ ಕಫ. ನೀರಿನಂತೆ ನೊರೆ ನೊರೆಯಾಗಿದ್ದರೆ ಅದು ಎಂಜಲು. ಎಂಜಲು ಕೊಟ್ಟರೆ ಟಿಬಿ ಇದ್ದರೂ "ಇಲ್ಲ" ಅಂತ ವರದಿ ಬರಬಹುದು. ಹೆಸರನ್ನು ಡಬ್ಬಿಯ ಮೈಮೇಲೆ ಬರೆಸಿ, ಮುಚ್ಚಳದ ಮೇಲಲ್ಲ. ಲ್ಯಾಬಿನಲ್ಲಿ ಮುಚ್ಚಳಗಳು ಅದಲು ಬದಲಾಗುತ್ತವೆ.

ವರದಿ ತಡವಾಗುವುದು ಯಂತ್ರದಿಂದ ಅಲ್ಲ. ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ ಅನ್ನುವುದನ್ನೂ, ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ಕೆಲಸ ಮಾಡುತ್ತದಾ ಅನ್ನುವುದನ್ನೂ ಹೇಳುತ್ತದೆ. ಟ್ರೂನ್ಯಾಟ್ ಸಹ ಇದೇ ಥರದ್ದು. ಯಂತ್ರ ಇಲ್ಲದ ಪಿಎಚ್‌ಸಿಯಿಂದ ಮಾದರಿ ಹೋಗಿ ಸೇರುವುದೇ ನಿಧಾನ. ಕೊಡುವಾಗಲೇ "ಇದು ಯಾವ ಲ್ಯಾಬಿಗೆ ಹೋಗುತ್ತೆ, ಯಾವ ದಿನ ಹೋಗುತ್ತೆ" ಅಂತ ಕೇಳಿಕೊಳ್ಳಿ.

ಇನ್ನೊಂದು ಮಾತು. ಅಂಗಡಿಯಿಂದ ಲಿವೊಫ್ಲಾಕ್ಸಾಸಿನ್ ಥರದ ಆ್ಯಂಟಿಬಯೋಟಿಕ್ ತಂದು ನುಂಗಿ ಬರುವವರಿದ್ದಾರೆ. ಆ ಜಾತಿಯ ಮಾತ್ರೆ ಟಿಬಿ ರೋಗಾಣುವನ್ನೂ ಸ್ವಲ್ಪ ಅಡಗಿಸುತ್ತದೆ. ಕೆಮ್ಮು ಕಡಿಮೆಯಾದಂತೆ ಕಾಣುತ್ತದೆ, ರೋಗ ಪತ್ತೆಯಾಗುವುದು ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಏನು ನುಂಗಿದ್ದೀರಿ ಅನ್ನುವುದನ್ನು ಮುಚ್ಚಿಡಬೇಡಿ.

ತುಂಗೆಯ_ದಡ:

ಆಧಾರ್ ಇಲ್ಲದಿದ್ದರೆ ಕಫ ತೆಗೆದುಕೊಳ್ಳುವುದೇ ಇಲ್ಲವೇ?

ಲ್ಯಾಬ್_ಕಿಟಕಿ:

ತೆಗೆದುಕೊಳ್ಳಬೇಕು. ಪರೀಕ್ಷೆಯನ್ನಾಗಲಿ ಚಿಕಿತ್ಸೆಯನ್ನಾಗಲಿ ಆಧಾರ್ ಇಲ್ಲ ಅಂತ ನಿಲ್ಲಿಸುವ ಹಾಗಿಲ್ಲ. ಆಧಾರ್ ಮತ್ತು ಬ್ಯಾಂಕ್ ಖಾತೆ ಬೇಕಾಗುವುದು ಟಿಬಿ ಇದೆ ಅಂತ ಗೊತ್ತಾದ ಮೇಲೆ, ನಿಕ್ಷಯ್ ಪೋಷಣ್ ಹಣಕ್ಕೆ, ಅಂದರೆ ಟಿಬಿ ರೋಗಿಯ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣಕ್ಕೆ. 2024ರ ನವೆಂಬರ್‌ನಿಂದ ಅದು ತಿಂಗಳಿಗೆ 500 ಇದ್ದದ್ದು 1000 ರೂಪಾಯಿ ಆಗಿದೆ. ಹಣ ಬರಲಿಲ್ಲ ಅನ್ನುವ ದೂರಿನಲ್ಲಿ ಸಾಮಾನ್ಯ ಕಾರಣ ವರ್ಷಗಟ್ಟಲೆ ಮುಟ್ಟದೆ ನಿಷ್ಕ್ರಿಯವಾದ ಖಾತೆ ಅಥವಾ ಆಧಾರ್ ಜೋಡಣೆ ಆಗದ ಖಾತೆ. ಮೊದಲು ಬ್ಯಾಂಕಿಗೆ ಹೋಗಿ ಅದನ್ನು ಸರಿಮಾಡಿಸಿ, ಆಮೇಲೆ ತಾಲೂಕಿನ ಟಿಬಿ ಮೇಲ್ವಿಚಾರಕರಿಗೆ (ಎಸ್‌ಟಿಎಸ್ ಅಂತಾರೆ) ಪಾಸ್‌ಬುಕ್ಕಿನ ಮೊದಲ ಪುಟ ಕೊಡಿ. ನಿಕ್ಷಯ್ ಸಹಾಯವಾಣಿ 1800-11-6666.

ಆಪ್ತಮಾತು:

ಎಚ್‌ಐವಿ ಪರೀಕ್ಷೆಗೂ ಯಾರ ಪತ್ರವೂ ಬೇಡ. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಐಸಿಟಿಸಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಇರುತ್ತದೆ. ನೇರವಾಗಿ ಆ ಕೋಣೆಗೆ ಹೋಗಿ. ಎಲ್ಲಿದೆ ಅಂತ ಜೋರಾಗಿ ಕೇಳಲು ಸಂಕೋಚವಾದರೆ "ಕೌನ್ಸೆಲರ್ ರೂಮ್ ಎಲ್ಲಿ" ಅನ್ನಿ, ಸಾಕು.

ಮೊದಲು ಸಮಾಲೋಚಕರು ನಿಮ್ಮೊಬ್ಬರ ಜೊತೆ ಕೂತು ಮಾತಾಡುತ್ತಾರೆ. ನಿಮ್ಮ ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆಯಬೇಕು. ಇದು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರ ನಿಯಮ, ಯಾರೋ ಮಾಡುವ ಉಪಕಾರ ಅಲ್ಲ. ಫಲಿತಾಂಶವನ್ನು ಮನೆಯವರಿಗೋ ಕೆಲಸ ಕೊಟ್ಟವರಿಗೋ ಅವರಾಗಿ ಹೇಳುವ ಹಾಗಿಲ್ಲ. ಫೋನ್ ನಂಬರ್ ಕೇಳಿದರೆ ನಿಮ್ಮ ಕೈಯಲ್ಲೇ ಇರುವ ಫೋನಿನದ್ದು ಕೊಡಿ, ಯಾವ ಹೊತ್ತಿಗೆ ಕರೆ ಮಾಡಬಹುದು ಅನ್ನುವುದನ್ನೂ ಬರೆಸಿ. ಮನೆಯವರೆಲ್ಲ ಎತ್ತುವ ನಂಬರ್ ಕೊಟ್ಟು ಆಮೇಲೆ ಪೇಚಾಡುವುದು ಬೇಡ.

ಮೊದಲ ಕಿಟ್‌ನಲ್ಲಿ ಗೆರೆ ಬಂದ ಮಾತ್ರಕ್ಕೆ ಎಚ್‌ಐವಿ ಇದೆ ಅಂತ ಅಲ್ಲ. ಬೇರೆ ಬೇರೆ ಮೂರು ಕಿಟ್‌ಗಳಲ್ಲೂ ಬಂದರೆ ಮಾತ್ರ ಖಚಿತ. ಹಾಗೇ, ಸಂಪರ್ಕವಾಗಿ ಎರಡೇ ವಾರಕ್ಕೆ "ಇಲ್ಲ" ಅಂತ ಬಂದರೆ ನಿರಾಳವಾಗಿಬಿಡಬೇಡಿ. ಮೂರು ತಿಂಗಳ ನಂತರ ಇನ್ನೊಮ್ಮೆ ನೋಡಿಸಬೇಕು. ಫೋನಿನಲ್ಲಿ ಕೇಳುವುದಿದ್ದರೆ 1097.

ಆದರೆ ಹತ್ತಿದ್ದೀತು ಅನ್ನುವ ಭಯ ನಿನ್ನೆಯದೋ ಇವತ್ತಿನದೋ ಆಗಿದ್ದರೆ ಐಸಿಟಿಸಿ ತೆರೆಯುವವರೆಗೆ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ "ಪಿಇಪಿ ಬೇಕು" ಅನ್ನಿ, ಅಂದರೆ ಎಚ್‌ಐವಿ ಹತ್ತದಂತೆ ತಡೆಯುವ ಮಾತ್ರೆ. 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಇದಕ್ಕೆ ಡಾಕ್ಟರು ಬೇಕೇ ಬೇಕು, ಆದರೆ ರೆಫರಲ್ ಬೇಡ.

ಮಲಪ್ರಭಾ:

ಮನಸ್ಸಿನ ತ್ರಾಸಿಗೂ ನೇರ ಹೋಗಬಹುದ್ರಿ. 14416ಕ್ಕ ಫೋನ್ ಹಚ್ಚಿದ್ರ ಟೆಲಿ ಮಾನಸ್. 2022ರ ಅಕ್ಟೋಬರ್ 10ಕ್ಕ ಶುರುವಾತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರತೈತಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡಬಹುದು. ಮೊದಲು ಸಮಾಲೋಚಕರು ಸಿಗತಾರ, ಬೇಕಾದ್ರ ಅವರೇ ಮನೋವೈದ್ಯರಿಗೆ ಜೋಡಸ್ತಾರ. ಇನ್ನೊಬ್ಬರ ಸಲುವಾಗಿಯೂ ಫೋನ್ ಮಾಡಬಹುದು. ಹಿಂಗ ಮಾಡುವಾಗ "ಹೆಂಗ ಹೆಂಗೋ ಆಡ್ತಾರ" ಅನಬ್ಯಾಡ್ರಿ. ಎಷ್ಟು ದಿನದಿಂದ ನಿದ್ದಿ ಇಲ್ಲ, ಊಟ ಬಿಟ್ಟಾರೇನು, ಸಾಯೋ ಮಾತು ಆಡ್ಯಾರೇನು, ಯಾವ ಗುಳಿಗಿ ತಗೋತಾರ, ಇಷ್ಟು ಹೇಳ್ರಿ.

ತಾಲೂಕು ದವಾಖಾನಿಗೆ ಮಂಗಳವಾರ ಮನೋಚೈತನ್ಯ ಅಂತ ಮನೋವೈದ್ಯರು ಬರತಾರ. ಎಲ್ಲಾ ತಾಲೂಕಿಗೂ ಎಲ್ಲಾ ಮಂಗಳವಾರ ಬರೂದಿಲ್ಲ, ಸರದಿ ಇರತೈತಿ. ಯಾವ ಮಂಗಳವಾರ ಅಂತ ಮೊದಲೇ ಕೇಳ್ಕೊಂಡು ಹೋಗ್ರಿ. ಓಪಿಡಿ ಚೀಟಿ ಒಂದಿದ್ರ ಆತು.

ಕುಡಿತ ಬಿಡಸೂದಕ್ಕ ಸಹಾಯವಾಣಿ 14446.

ಗುಡ್ಡದಾಚೆ:

ಮಲಪ್ರಭಾ ಅವರೇ, ಕುಡಿತದ ವಿಷಯಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. "ಡಾಕ್ಟರ್ ಇಲ್ಲದೆ" ಅನ್ನುವ ತಲೆಬರಹ ಓದಿ ಯಾರಾದರೂ ಮನೆಯಲ್ಲೇ ಒಂದೇ ಏಟಿಗೆ ನಿಲ್ಲಿಸಲು ಹೊರಟರೆ ಪ್ರಾಣಕ್ಕೇ ಕುತ್ತು. ದಿನಾ ಬೆಳಗ್ಗೆಯಿಂದಲೇ ಕುಡಿಯುವವರು ಥಟ್ಟನೆ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಗೊಂದಲ, ಇಲ್ಲದ್ದು ಕಾಣುವುದು, ಮೈ ನಡುಕ, ಜ್ವರ ಶುರುವಾಗಬಹುದು. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದರೆ, ಬೆಳಗ್ಗೆ ಕೈ ನಡುಗದಿರಲು ಕುಡಿಯಬೇಕಾಗುತ್ತದೆ ಅಂದರೆ, ಆಸ್ಪತ್ರೆಯಲ್ಲೇ ಬಿಡಿಸಬೇಕು. ಸಹಾಯವಾಣಿಯವರಿಗೂ ಇದನ್ನೇ ಮೊದಲು ಹೇಳಿ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಲು ಕೇಳಿ, ವಾರಕ್ಕೆ ಎಷ್ಟು ಸಲ ಮನೋವೈದ್ಯರು ಬರುತ್ತಾರೆ ಅಂತ ಕೇಳಿ. ಸರಪಳಿ ಹಾಕುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ನಿಷಿದ್ಧ. ಅದೇ ಕಾಯ್ದೆಯ 86ನೇ ಸೆಕ್ಷನ್ ಪ್ರಕಾರ ವಯಸ್ಕರು ತಾವಾಗಿಯೇ ಹೋಗಿ ದಾಖಲಾಗಲು ಕೇಳಬಹುದು, ಮನೆಯವರ ಸಹಿ ಇರಲೇಬೇಕು ಅಂತಿಲ್ಲ.

ಮಲಪ್ರಭಾ:

ಖರೇ ಅದ. ಮೇಲಿನ ಮಾತಿಗೆ ಇದನ್ನೂ ಸೇರಿಸಿ ಓದ್ರಿ ಎಲ್ಲಾರೂ.

ಕೆಂಪುಪಟ್ಟಿ:

ನಾಯಿ ಕಡಿತ. ಮೊದಲು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಆಮೇಲೆ ನೇರವಾಗಿ ಪಿಎಚ್‌ಸಿ. ರೇಬೀಸ್ ಲಸಿಕೆ ಚರ್ಮದೊಳಗೆ ಕೊಡುವ ವಿಧಾನದಲ್ಲಿ 0, 3, 7, 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ 0.1 ಮಿಲಿ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಮೊದಲ ದಿನ ಯಾವ ವಿಧಾನ ಅಂತ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಕೆಡುವುದು ಎರಡು ಕಡೆ. ಚರ್ಮದೊಳಗಿನ ವಿಧಾನದಲ್ಲಿ ಒಂದು ಬಾಟಲಿ ಹಲವರಿಗೆ ಆಗುತ್ತದೆ, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಅದಕ್ಕೇ "ಇನ್ನೂ ಇಬ್ಬರು ಬರಲಿ, ನಾಳೆ ಬನ್ನಿ" ಅನ್ನುವ ಮಾತು ಬರುತ್ತದೆ. ಮೊದಲ ಡೋಸಿಗೆ ಅದನ್ನು ಒಪ್ಪಬೇಡಿ. ಎರಡನೆಯದು, ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಚುಚ್ಚಬೇಕು. ಅದು ಅನೇಕ ಪಿಎಚ್‌ಸಿಗಳಲ್ಲಿ ಇರುವುದಿಲ್ಲ. ಲಸಿಕೆ ಅಲ್ಲೇ ಹಾಕಿಸಿಕೊಂಡು ಅವತ್ತೇ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮೊದಲ ದಿನ ಸಿಗದಿದ್ದರೆ 7ನೇ ದಿನದವರೆಗೆ ಮಾತ್ರ ಕೊಡಬಹುದು.

ಹೊಂಗೆ_ನೆರಳು:

ಹೆಂಗಸರಿಗೆ ಸಂಬಂಧಿಸಿದವು. ಕಾಂಡೋಮ್, ಗರ್ಭ ತಡೆಯುವ ಮಾಲಾ-ಎನ್ ಮತ್ತು ಛಾಯಾ ಮಾತ್ರೆ, ತುರ್ತು ಗರ್ಭನಿರೋಧಕ, ನಿಶ್ಚಯ್ ಗರ್ಭ ಪರೀಕ್ಷಾ ಕಿಟ್, ಇಷ್ಟೂ ಆಶಾ ಹತ್ತಿರ ಇರುತ್ತವೆ. ಕೊಡುವ ಮುಂಚೆ ಅವರು ಕೆಲವು ಪ್ರಶ್ನೆ ಕೇಳಬೇಕು, ಕೇಳಲಿ. ಮಾಲಾ-ಎನ್ ಎಲ್ಲರಿಗೂ ಆಗಿಬರುವುದಿಲ್ಲ. ಬಿಪಿ ಇರುವವರು, ಕಣ್ಣು ಮಂಜಾಗಿ ಬರುವ ಅರೆತಲೆನೋವಿನವರು, 35 ದಾಟಿ ಬೀಡಿ ಸಿಗರೇಟು ಸೇದುವವರು, ಮಗು ಹುಟ್ಟಿ 6 ತಿಂಗಳಾಗದೆ ಹಾಲು ಕುಡಿಸುತ್ತಿರುವವರಿಗೆ ಬೇಡ. ಛಾಯಾದಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಜನ ತಪ್ಪುವುದು ಈ ಬದಲಾವಣೆಯಲ್ಲೇ. ಮೊದಲ ಮಾತ್ರೆ ನುಂಗಿದ ವಾರದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತುರ್ತು ಮಾತ್ರೆ 72 ಗಂಟೆಯೊಳಗೆ, ತಡವಾದಷ್ಟೂ ಪರಿಣಾಮ ಕಡಿಮೆ.

ಬಸುರಿ ಅಂತ ಗೊತ್ತಾದರೆ 12 ವಾರದೊಳಗೆ ಉಪಕೇಂದ್ರದ ಸಿಸ್ಟರ್ ಹತ್ತಿರ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಇದಕ್ಕೆ ಸ್ಕ್ಯಾನಿಂಗ್ ವರದಿ ತರಲೇಬೇಕು ಅಂತಿಲ್ಲ, ಕೊನೆಯ ಮುಟ್ಟಿನ ದಿನ ನೆನಪಿದ್ದರೆ ಸಾಕು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಡಾಕ್ಟರ ತಪಾಸಣೆ ಇರುತ್ತದೆ.

ಮನೆಯಲ್ಲಿ ಹೊಡೆತ, ದೌರ್ಜನ್ಯ ಇದ್ದರೆ 181ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಿ. ಚಿಕಿತ್ಸೆ, ಪೊಲೀಸ್, ಕಾನೂನು ನೆರವು, ಸಮಾಲೋಚನೆ ಒಂದೇ ಸೂರಿನಡಿ. 5 ದಿನದವರೆಗೆ ಉಳಿಯಲು ಜಾಗವೂ ಇರುತ್ತದೆ. ಎಫ್‌ಐಆರ್ ಆಗಿರಬೇಕಾಗಿಲ್ಲ. ಅತ್ಯಾಚಾರದ ಪ್ರಕರಣದಲ್ಲಿ ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವ ಆಸ್ಪತ್ರೆಯಾದರೂ ಮೊದಲ ಚಿಕಿತ್ಸೆಯನ್ನು ತಕ್ಷಣ, ಉಚಿತವಾಗಿ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್. "ಮೊದಲು ಠಾಣೆಗೆ ಹೋಗಿ ಬನ್ನಿ" ಅಂದರೆ ಈ ಸಂಖ್ಯೆ ಹೇಳಿ. 18ರ ಒಳಗಿನವರಾದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಹಾಗೆ ಹೇಳುತ್ತದೆ. ಇದು ಮೊದಲೇ ಗೊತ್ತಿರಲಿ.

ಅಂಗಳದ_ಬೆಳಕು:

ಮಕ್ಕಳದ್ದು. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಇರುತ್ತದೆ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ. ಎಡತೋಳು, ಭುಜದ ಮೂಳೆಯ ತುದಿಗೂ ಮೊಣಕೈಗೂ ಸರಿಯಾಗಿ ಮಧ್ಯೆ, ತೋಳು ಸಡಿಲ ಬಿಟ್ಟಿರಬೇಕು. ಪಟ್ಟಿ ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಬಿಗಿಯಾಗಿ ಎಳೆದರೆ ಚೆನ್ನಾಗಿರುವ ಮಗುವೂ ಕೆಂಪಿಗೆ ಬರುತ್ತದೆ, ಸಡಿಲವಾದರೆ ಸೊರಗಿದ ಮಗು ಹಸಿರಿಗೆ ಹೋಗುತ್ತದೆ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಊದಿದ್ದು, ಬೆರಳಿಂದ ಒತ್ತಿದರೆ ಗುಳಿ ಬಿದ್ದರೆ ಅಳತೆ ಎಷ್ಟೇ ಇರಲಿ, ಅದೂ ತೀವ್ರವೇ. ಅಂಥ ಮಗುವನ್ನು ಅಂಗನವಾಡಿ ಅಥವಾ ಆಶಾ ಮೂಲಕವೇ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬಹುದು. ಸುಮಾರು 14 ದಿನ ಇರಬೇಕು, ಜೊತೆಗಿರುವ ತಾಯಿಗೆ ಊಟ ಮತ್ತು ಕೂಲಿ ನಷ್ಟದ ಹಣ ಕೊಡುತ್ತಾರೆ. ನಾಲ್ಕನೇ ದಿನಕ್ಕೇ ಮಗು ಗೆಲುವಾಯಿತು ಅಂತ ಎತ್ತಿಕೊಂಡು ಹೋಗುವುದರಿಂದಲೇ ತಿರುಗಿ ಬರಬೇಕಾಗುತ್ತದೆ.

9 ತಿಂಗಳಾದರೂ ಆಸರೆ ಇಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಶಬ್ದಕ್ಕೆ ತಿರುಗದಿದ್ದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಕೇಂದ್ರ) ನೇರವಾಗಿ ಕರೆದುಕೊಂಡು ಹೋಗಿ. "ನಮ್ಮ ವಂಶದಲ್ಲಿ ಎಲ್ಲರೂ ತಡವೇ" ಅಂತ ಕಾಯುತ್ತಾ ಕೂತರೆ ಥೆರಪಿಗೆ ಒಳ್ಳೆಯ ಕಾಲವೇ ಕಳೆದುಹೋಗುತ್ತದೆ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಅಲ್ಲೂ ನೇರವಾಗಿ ಹೋಗಿ ಹೆಸರು ನೋಂದಾಯಿಸಬಹುದು.

ಸರಳರೇಖೆ:

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಬಗ್ಗೆ. ಅರ್ಜಿ ಹಾಕಲು ಡಾಕ್ಟರ ಪತ್ರ ಬೇಡ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಆಗದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು (ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು) ಹಾಕಿಕೊಡುತ್ತಾರೆ, ಅದು ಅವರ ಕೆಲಸವೇ. ಬೇಕಾದದ್ದು ಫೋಟೋ, ಸಹಿ ಅಥವಾ ಹೆಬ್ಬೆಟ್ಟಿನ ಸ್ಕ್ಯಾನ್, ಆಧಾರ್, ವಿಳಾಸದ ದಾಖಲೆ. ಅರ್ಜಿಯಲ್ಲೇ ಆಸ್ಪತ್ರೆ ಆರಿಸಬೇಕು. ಇಲ್ಲಿ ಯೋಚಿಸಿ ಆರಿಸಿ: ಬುದ್ಧಿಮಟ್ಟದ ಪರೀಕ್ಷೆಗೆ ಮನಶ್ಶಾಸ್ತ್ರಜ್ಞರು, ಕಿವಿಗೆ ಆಡಿಯೋಗ್ರಾಮ್ ಯಂತ್ರ ಆ ಆಸ್ಪತ್ರೆಯಲ್ಲಿ ಇದೆಯೇ ಅಂತ ಮೊದಲು ಫೋನ್ ಮಾಡಿ ಕೇಳಿ. ಇಲ್ಲದ ಕಡೆ ಆರಿಸಿದರೆ ಪರೀಕ್ಷೆಗೆ ಬೇರೆ ಊರಿಗೆ ಕಳಿಸಿ, ವರದಿ ತಂದ ಮೇಲೆ ಮತ್ತೆ ಅಂಗವೈಕಲ್ಯ ಅಳೆಯುವ ವೈದ್ಯರ ಬೋರ್ಡಿನ ದಿನಕ್ಕೆ ಕಾಯಿಸುತ್ತಾರೆ.

ಹೆಚ್ಚಿನ ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಶಾಲೆಯ ದಾಖಲೆಯಲ್ಲಿ ಹಿಂದೆ, ಪಿಂಚಣಿಯಲ್ಲಿ ಇನಿಷಿಯಲ್ಲೇ ಇಲ್ಲ. ಅರ್ಜಿಯಲ್ಲಿ ಆಧಾರ್‌ನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಹುಟ್ಟಿದ ದಿನಾಂಕ ತಪ್ಪಿದ್ದರೆ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ. ಮೊಬೈಲ್ ನಂಬರ್ ಅಂಗಡಿಯವರದ್ದು ಹಾಕಿಸಬೇಡಿ, ಸಂದೇಶವೆಲ್ಲ ಅವರಿಗೆ ಹೋಗುತ್ತದೆ.

ಬೋರ್ಡಿನ ದಿನ ಹಳೆಯ ಎಕ್ಸ್-ರೇ, ಡಿಸ್ಚಾರ್ಜ್ ಸಾರಾಂಶ, ಹಳೆಯ ಅಂಗವಿಕಲ ಪ್ರಮಾಣಪತ್ರ ಎಲ್ಲ ಒಯ್ಯಿರಿ. ಅಂಗವಿಕಲರ ಹಕ್ಕುಗಳ ನಿಯಮಗಳ 2024ರ ತಿದ್ದುಪಡಿಯ ಪ್ರಕಾರ ಕಾರ್ಡಿಗೆ ಮೂರು ಬಣ್ಣ: 40%ಗಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ 40% ಬೇಕು.

ತುಂಗೆಯ_ದಡ:

ಹಾಗಾದರೆ ನಿಜಕ್ಕೂ ಡಾಕ್ಟರ ಚೀಟಿ ಬೇಕೇ ಬೇಕಾಗುವುದು ಎಲ್ಲಿ? ಅದನ್ನೂ ಬರೆದರೆ ಒಳ್ಳೆಯದು.

ಬಯಲುಸೀಮೆ:

ಮುಖ್ಯವಾಗಿ ಮೂರು ಕಡೆ. ಬಸುರಿಯ ಸ್ಕ್ಯಾನಿಂಗಿಗೆ ಬೇಕು. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯಡಿ ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬಬೇಕು, ಯಾರು ಯಾಕೆ ಕಳಿಸಿದರು ಅನ್ನುವುದು ಅದರಲ್ಲಿರಬೇಕು. "ಸುಮ್ಮನೆ ನೋಡಿಬಿಡಿ" ಅಂತ ಸೆಂಟರಿನವರನ್ನು ಒತ್ತಾಯಿಸಬೇಡಿ, ತಲೆಬೇನೆ ಅವರಿಗೆ. ಆ್ಯಂಟಿಬಯೋಟಿಕ್, ನಿದ್ದೆ ಮಾತ್ರೆಗೆ ಬೇಕು, ಜನೌಷಧಿ ಅಂಗಡಿಯಲ್ಲೂ ಅದೇ ನಿಯಮ. ಮೂರನೆಯದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ದೊಡ್ಡ ಚಿಕಿತ್ಸೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಇರಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಬೇಡ. ಮೊದಲು ದಾಖಲಾಗಿ ಆಮೇಲೆ ರೆಫರಲ್ ತರುತ್ತೇವೆ ಅಂದರೆ ಅಷ್ಟರಲ್ಲಿ ಆದ ಬಿಲ್ಲು ಕೈಯಿಂದಲೇ ಕಟ್ಟಬೇಕಾಗುವ ಸಂಭವ ಹೆಚ್ಚು.

ಎದೆ ನೋವು, ಒಂದು ಕಡೆ ಕೈಕಾಲು ಬಿದ್ದುಹೋಗುವುದು, ಮಾತು ತೊದಲುವುದು, ಹಾವು ಕಡಿತ: ಇವಕ್ಕೆ ಈ ಎಳೆ ಓದುತ್ತಾ ಕೂರಬೇಡಿ, 108.

ಲ್ಯಾಬ್_ಕಿಟಕಿ:

ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆ ಸಾಮಾನ್ಯವಾಗಿ ಚೀಟಿ ಕೇಳುವುದಿಲ್ಲ. ಅದೇ ಸಮಸ್ಯೆ ಕೂಡ. ಎಪ್ಪತ್ತು ಎಂಬತ್ತು ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿದರೆ ಆರೋಗ್ಯವಂತರಿಗೂ ಎರಡು ಮೂರು ಅಂಕಿ ಕೆಂಪಕ್ಷರದಲ್ಲಿ ಬರುವುದು ಸಹಜ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಸರಾಸರಿ) ಮಾಡಿಸುವವರು ಇದು ನೆನಪಿಡಿ: ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇದ್ದರೆ ಅದು ಸುಳ್ಳಾಗಿ ಹೆಚ್ಚು ತೋರಿಸಬಹುದು, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಲೆಕ್ಕ ತಪ್ಪುತ್ತದೆ. ಹಿಮೋಗ್ಲೋಬಿನ್ ಜೊತೆಗಿಟ್ಟುಕೊಂಡು ಓದಬೇಕು. ಕೂದಲಿಗೆ ಅಂತ ಬಯೋಟಿನ್ (ಒಂದು ವಿಟಮಿನ್) ನುಂಗುವವರಿಗೆ ಥೈರಾಯ್ಡ್ ವರದಿ ತಿರುವುಮುರುವಾಗಬಹುದು. ಎರಡು ದಿನ ಮೊದಲೇ ನಿಲ್ಲಿಸಿ ಹೋಗಿ. ಖಾಲಿ ಹೊಟ್ಟೆ ಅಂದರೆ 8 ಗಂಟೆ ಕಾಲ ಏನೂ ತಿನ್ನದಿರುವುದು, ನೀರು ಕುಡಿಯಬಹುದು. ಯಾವ ಲಕ್ಷಣವೂ ಇಲ್ಲದೆ ಖಾಲಿ ಹೊಟ್ಟೆಯ ಶುಗರ್ ಒಂದೇ ಸಲ 126 ದಾಟಿದ್ದಕ್ಕೆ ಸಕ್ಕರೆ ಕಾಯಿಲೆ ಬಂತು ಅಂತ ತೀರ್ಮಾನಿಸಬೇಡಿ, ಇನ್ನೊಂದು ದಿನ ನೋಡಿಸಿ.

ಗುಡ್ಡದಾಚೆ:

ಪ್ಯಾಕೇಜ್ ಪೂರಾ ದಂಡ ಅನ್ನುವುದನ್ನು ಒಪ್ಪಲಾರೆ. ಡಾಕ್ಟರೇ ಸಿಗದ ಊರಿನಲ್ಲಿ ಜನ ಇನ್ನೇನು ಮಾಡಬೇಕು?

ಲ್ಯಾಬ್_ಕಿಟಕಿ:

ದಂಡ ಅಂದಿಲ್ಲ ಸರ್. ಸಿಎಚ್‌ಒ ಹತ್ತಿರ ಬಿಪಿ, ಶುಗರ್, ಹಿಮೋಗ್ಲೋಬಿನ್ ಮೂರೂ ಪುಕ್ಕಟೆ ಆಗುತ್ತವೆ. ಅದನ್ನು ಮೊದಲು ಮಾಡಿಸಿ, ಏರುಪೇರಿದ್ದರೆ ಮಾತ್ರ ಮುಂದಿನದಕ್ಕೆ ದುಡ್ಡು ಹಾಕಿ ಅಂತ ಅಷ್ಟೇ.

ಹೊಂಗೆ_ನೆರಳು:

ವಯಸ್ಸಾದವರಿಗೆ 14567, ಬೆಳಗ್ಗೆ 8ರಿಂದ ರಾತ್ರಿ 8. ಪಿಂಚಣಿ, ಮಕ್ಕಳು ನೋಡಿಕೊಳ್ಳದಿರುವುದು, ಆಶ್ರಯ ಇವಕ್ಕೆಲ್ಲ. ಮಕ್ಕಳ ವಿಷಯಕ್ಕೆ 1098. ಆರೋಗ್ಯದ ಮಾಹಿತಿಗೂ, ಸರ್ಕಾರಿ ಆಸ್ಪತ್ರೆಯಲ್ಲಿ ಸೇವೆ ಕೊಡಲಿಲ್ಲ ಅನ್ನುವ ದೂರಿಗೂ 104. ದೂರು ಕೊಟ್ಟರೆ ಅದರ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಂಖ್ಯೆ ಇಲ್ಲದೆ ಮತ್ತೆ ಕರೆ ಮಾಡಿದರೆ ಕಥೆ ಮೊದಲಿಂದ ಹೇಳಬೇಕು.

ತುಂಗೆಯ_ದಡ:

ಕೊನೆಯದೊಂದು. ನಮ್ಮ ಕಡೆಯ ಉಪಕೇಂದ್ರಗಳು ಗುರುವಾರ ಬೀಗ ಹಾಕಿರುತ್ತವಲ್ಲ, ಯಾಕೆ?

ಬಯಲುಸೀಮೆ:

ಗುರುವಾರ ಲಸಿಕೆ ದಿನ. ಸಿಸ್ಟರು ಲಸಿಕೆ ಡಬ್ಬಿ ಹಿಡಿದುಕೊಂಡು ಹಳ್ಳಿ ಅಂಗನವಾಡಿಗೆ ಹೋಗಿರುತ್ತಾರೆ, ಸಿಎಚ್‌ಒ ಸಹ ಕೆಲವೊಮ್ಮೆ ಜೊತೆಗಿರುತ್ತಾರೆ. ಮಗುವಿನ ಲಸಿಕೆಯಾದರೆ ಗುರುವಾರ ಅಂಗನವಾಡಿಗೇ ಹೋಗಿ, ತಾಯಿ ಕಾರ್ಡ್ ಜೊತೆಗಿರಲಿ. ಬಿಪಿ, ಶುಗರ್ ತಪಾಸಣೆಗೆ ಬೇರೆ ದಿನ ಬೆಳಗಿನ ಹೊತ್ತು ಹೋಗಿ, ಹೊರಡುವ ಮುನ್ನ ಆಶಾಗೆ ಒಂದು ಫೋನ್ ಮಾಡಿ.